ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಎಕ್ಸ್‌ಡಿಜಿ-ಓಪನ್ ಜೊತೆ ಎರಡು ಸಂಜೆ

ಲಿನಕ್ಸ್‌ನಲ್ಲಿ ಮೇಲ್ ಓದುತ್ತಾ ಒಂದು ಲಿಂಕ್ ಒತ್ತುತ್ತೀರಿ, ಬ್ರೌಸರ್ ತೆರೆದುಕೊಳ್ಳುತ್ತದೆ. ಈ ಎರಡರ ನಡುವೆ ಯಾರಿದ್ದಾರೆ ಅಂತ ಯೋಚಿಸುವ ಪ್ರಸಂಗವೇ ಬರುವುದಿಲ್ಲ, ಅಲ್ವಾ? ನನಗೂ ಎಷ್ಟೋ ವರ್ಷ ಬಂದಿರಲಿಲ್ಲ. ಮೊನ್ನೆ ಬಂತು. ನಡುವೆ ನಿಂತು ದಿನವೂ ನಮ್ಮ ಲಿಂಕುಗಳನ್ನು ಸಾಗಿಸುವ ಆ ಸಣ್ಣ ಪ್ರೋಗ್ರಾಂ ಹೆಸರು ಎಕ್ಸ್‌ಡಿಜಿ-ಓಪನ್. ಅದರ ಬಗ್ಗೆ ಯಾರೂ ರಿವ್ಯೂ ಬರೆಯುವುದಿಲ್ಲ. ಏನಾದರೂ ಕೆಟ್ಟಾಗ ಬೈಯುವುದಕ್ಕೆ ಮಾತ್ರ ಅದರ ಹೆಸರು ತೆಗೆಯುತ್ತೇವೆ. ಎರಡು ಸಂಜೆ ಅದರ ಪಕ್ಕ ಕೂತು, ಒಳಗೆಲ್ಲಾ ಇಣುಕಿ ನೋಡಿದ ಮೇಲೆ ಬರೆಯಲೇಬೇಕು ಅನಿಸಿತು.

ಮೊದಲು ಸಮಸ್ಯೆ ಹೇಳುತ್ತೇನೆ. ಒಂದು ಮೇಲ್‌ನಲ್ಲಿ ಖಾತೆ ದೃಢಪಡಿಸುವ ಲಿಂಕ್ ಬಂದಿತ್ತು. ಒತ್ತಿದೆ. ಬ್ರೌಸರ್ ಬಂತು, ಪುಟವೂ ಬಂತು, ಆದರೆ "ಈ ಕೋರಿಕೆ ಪೂರ್ತಿಯಾಗಿಲ್ಲ" ಅಂತ ಹೇಳಿತು. ಲಿಂಕಿನ ಅವಧಿ ಮುಗಿದಿರಬೇಕು ಅಂದುಕೊಂಡು ಇನ್ನೊಂದು ಮೇಲ್ ತರಿಸಿದೆ. ಅದೂ ಹಾಗೇ. ಆಮೇಲೆ ಆ ಲಿಂಕನ್ನೇ ಕಾಪಿ ಮಾಡಿ ವಿಳಾಸ ಪಟ್ಟಿಯಲ್ಲಿ ಅಂಟಿಸಿದರೆ ಸಲೀಸಾಗಿ ತೆರೆಯಿತು! ಎರಡು ವಿಳಾಸಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೇಲ್‌ನಲ್ಲಿದ್ದ ಲಿಂಕಿನ ಬಾಲ ಹೀಗಿತ್ತು: ?ಐಡಿ=8812&ಹಂತ=2&ಭಾಷೆ=ಕನ್ನಡ. ಬ್ರೌಸರ್‌ಗೆ ತಲುಪಿದ್ದು ?ಐಡಿ=8812 ಮಾತ್ರ. ಮೊದಲ & ಗುರುತು ಎಲ್ಲಿತ್ತೋ ಅಲ್ಲಿಗೆ ಸರಿಯಾಗಿ ಕತ್ತರಿಸಿದಂತೆ ಲಿಂಕ್ ನಿಂತುಬಿಟ್ಟಿತ್ತು.

ಇಂಥ ಬಗ್ ಅಷ್ಟು ದಿನ ಕಣ್ಣು ತಪ್ಪಿಸಿಕೊಂಡಿರುವುದು ಯಾಕೆ ಅಂದರೆ, ಬಹಳಷ್ಟು ಲಿಂಕುಗಳಲ್ಲಿ & ಇರುವುದೇ ಇಲ್ಲ. ಇದ್ದರೂ ಅದರ ನಂತರ ಬರುವ ಭಾಗ ಎಷ್ಟೋ ಸಲ ಬರೀ ಜಾಹೀರಾತಿನ ಲೆಕ್ಕಕ್ಕೆ ಹಾಕಿದ ಬಾಲ. ಅದು ಕಳೆದುಹೋದರೂ ಪುಟ ಸರಿಯಾಗೇ ಬರುತ್ತದೆ. ಪಾಸ್‌ವರ್ಡ್ ಬದಲಿಸುವ ಲಿಂಕ್, ಹುಡುಕಾಟದ ಫಲಿತಾಂಶದ ಎರಡನೇ ಪುಟ, ನಕ್ಷೆಯ ಲಿಂಕ್, ಇಂಥವು ಬಂದಾಗ ಮಾತ್ರ ಹುಳುಕು ಹೊರಗೆ ಬರುತ್ತದೆ. ಆಗಲೂ ನಾವು ಆ ವೆಬ್‌ಸೈಟನ್ನೇ ಬೈದು ಸುಮ್ಮನಾಗುತ್ತೇವೆ.

ನನ್ನ ಗುಮಾನಿ ನೇರವಾಗಿ ಎಕ್ಸ್‌ಡಿಜಿ-ಓಪನ್ ಮೇಲೆ ಹೋಯಿತು. ಅದಕ್ಕೆ ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ಎಕ್ಸ್‌ಡಿಜಿ-ಯುಟಿಲ್ಸ್ ಅಂತ ಸಣ್ಣ ಪ್ರೋಗ್ರಾಂಗಳ ಒಂದು ಗಂಟು ಇದೆ. 2006ರಲ್ಲಿ ಪೋರ್ಟ್‌ಲ್ಯಾಂಡ್ ಅನ್ನುವ ಯೋಜನೆಯಡಿ ಇದರ 1.0 ಆವೃತ್ತಿ ಬಂತು. ಎಕ್ಸ್‌ಡಿಜಿ ಅಂದರೆ ಎಕ್ಸ್ ಡೆಸ್ಕ್‌ಟಾಪ್ ಗ್ರೂಪ್, ಅಂದರೆ ಹ್ಯಾವೊಕ್ ಪೆನ್ನಿಂಗ್ಟನ್ 2000ದಲ್ಲಿ ಶುರು ಮಾಡಿದ ಫ್ರೀಡೆಸ್ಕ್‌ಟಾಪ್‌ನ ಹಳೆಯ ಹೆಸರು. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಗ್ನೋಮ್ ಒಂದು ರೀತಿ, ಕೆಡಿಇ ಇನ್ನೊಂದು ರೀತಿ ಅಂತ ಇದ್ದಾಗ, ಹೊರಗಿನಿಂದ ಪ್ರೋಗ್ರಾಂ ಬರೆಯುವವರು "ಈ ಲಿಂಕ್ ತೆರೆ" ಅಂತ ಹೇಳುವುದಕ್ಕೂ ಹತ್ತು ದಾರಿ ಕಲಿಯಬೇಕಿತ್ತು. ಆ ತಾಪತ್ರಯ ತಪ್ಪಿಸಲು ಮಾಡಿದ ಮಧ್ಯವರ್ತಿ ಇದು. ಗಂಟಿನಲ್ಲಿ ಎಕ್ಸ್‌ಡಿಜಿ-ಮೈಮ್, ಎಕ್ಸ್‌ಡಿಜಿ-ಸೆಟ್ಟಿಂಗ್ಸ್, ಎಕ್ಸ್‌ಡಿಜಿ-ಈಮೇಲ್ ಅಂತ ಬೇರೆಯವೂ ಇವೆ, ಆದರೆ ದಿನವೂ ದುಡಿಯುವುದು ಓಪನ್.

ಇದರ ಒಳಗೆ ಯಾವ ಮಾಯೆಯೂ ಇಲ್ಲ, ಅದೇ ನನಗೆ ಬಹಳ ಇಷ್ಟವಾದದ್ದು. ಇದೊಂದು ಶೆಲ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಕಮಾಂಡುಗಳನ್ನೇ ಸಾಲಾಗಿ ಬರೆದಿಟ್ಟ ಫೈಲ್; ಅವನ್ನು ಓದಿ ಓಡಿಸುವುದು ಶೆಲ್. ಎಡಿಟರ್‌ನಲ್ಲಿ ತೆರೆದು ಕಾದಂಬರಿ ಓದುವ ಹಾಗೆ ಮೇಲಿಂದ ಕೆಳಗೆ ಓದಬಹುದು. ನೀವು ಯಾವ ಡೆಸ್ಕ್‌ಟಾಪ್‌ನಲ್ಲಿದ್ದೀರಿ ಅಂತ ಮೊದಲು ಕೆಲವು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಪ್ರೋಗ್ರಾಂನಿಂದ ಪ್ರೋಗ್ರಾಂಗೆ ದಾಟುವ, ಹೆಸರಿಟ್ಟ ಬೆಲೆಗಳನ್ನು) ನೋಡಿ ಊಹಿಸುತ್ತದೆ. ಗ್ನೋಮ್ ಆದರೆ ಕೆಲಸವನ್ನು ಜಿಐಓ-ಓಪನ್‌ಗೆ ಕೊಡುತ್ತದೆ, ಕೆಡಿಇ ಆದರೆ ಕೆಡಿಇ-ಓಪನ್‌ಗೆ, ಎಕ್ಸ್‌ಎಫ್‌ಸಿಇ ಆದರೆ ಎಕ್ಸೋ-ಓಪನ್‌ಗೆ. ಇವ್ಯಾವುದೂ ಅಲ್ಲದಿದ್ದರೆ ಮಾತ್ರ ತಾನೇ ಕೈ ಹಾಕುತ್ತದೆ. ಆಗ ಮೈಮ್‌ಆ್ಯಪ್ಸ್ ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಲಿಂಕುಗಳು ಯಾರ ಪಾಲು ಅಂತ ನೋಡಿ, ಆ ಪ್ರೋಗ್ರಾಂ ಅನ್ನು ಹೇಗೆ ಶುರು ಮಾಡಬೇಕು ಅಂತ ಬರೆದಿರುವ ಡೆಸ್ಕ್‌ಟಾಪ್ ಫೈಲ್ ಹುಡುಕಿ, ಅದರ ಎಕ್ಸೆಕ್ ಸಾಲಿನಲ್ಲಿ ಬರೆದಿರುವ ಕಮಾಂಡನ್ನು ಓಡಿಸುತ್ತದೆ. ಆ ಸಾಲಿನಲ್ಲಿ ಪರ್ಸೆಂಟ್ ಗುರುತಿನ ಪಕ್ಕ ಯು ಅಕ್ಷರ ಎಲ್ಲಿದೆಯೋ ಅಲ್ಲಿ ನಿಮ್ಮ ಲಿಂಕ್ ಬಂದು ಕೂರುತ್ತದೆ. ಪಟ್ಟಿಯಲ್ಲಿ ಯಾರೂ ಸಿಗದಿದ್ದರೂ ಕೈ ಚೆಲ್ಲುವುದಿಲ್ಲ. ಬ್ರೌಸರ್ ಅನ್ನುವ ವೇರಿಯಬಲ್‌ನಲ್ಲಿ ಏನಾದರೂ ಇದೆಯಾ ಅಂತ ನೋಡುತ್ತದೆ. ಅದೂ ಖಾಲಿಯಾದರೆ ತನಗೆ ಗೊತ್ತಿರುವ ಹೆಸರುಗಳನ್ನೆಲ್ಲಾ ಒಂದೊಂದಾಗಿ ತಟ್ಟಿ ನೋಡುತ್ತಾ, ಕೊನೆಗೆ ಟರ್ಮಿನಲ್‌ನಲ್ಲಿ ಓಡುವ ಲಿಂಕ್ಸ್, ಡಬ್ಲ್ಯೂತ್ರೀಎಂ ತನಕ ಹೋಗುತ್ತದೆ.

ನಾನು ಬಳಸುವುದು ಪರದೆಯ ಮೇಲೆ ಕಿಟಕಿಗಳನ್ನು ಜೋಡಿಸುವ ಬರೀ ವಿಂಡೋ ಮ್ಯಾನೇಜರ್, ಪೂರ್ತಿ ಡೆಸ್ಕ್‌ಟಾಪ್ ಅಲ್ಲ. ಹಾಗಾಗಿ ನನ್ನ ಲಿಂಕುಗಳೆಲ್ಲಾ ಈ ಕೊನೆಯ ದಾರಿಯಲ್ಲೇ, ಜೆನೆರಿಕ್ ಅಂತ ಕರೆಯುತ್ತಾರಲ್ಲ, ಅದರಲ್ಲೇ ಓಡಾಡುವುದು. ಗುಮಾನಿಗೆ ಕಾರಣವೂ ಇದೇ. ಇದೇ ದಾರಿಯಲ್ಲಿ ಹಿಂದೆ ಒಂದು ಕೆಟ್ಟ ತೂತು ಇತ್ತು. 1.1.0ರ ಮೊದಲ ಪರೀಕ್ಷಾ ಆವೃತ್ತಿಯಲ್ಲಿ ಡೆಸ್ಕ್‌ಟಾಪ್ ಯಾವುದು ಅಂತ ಗೊತ್ತಾಗದಿದ್ದಾಗ ಲಿಂಕನ್ನು ಇವ್ಯಾಲ್ ಅನ್ನುವ ಶೆಲ್ ಕಮಾಂಡ್‌ಗೆ ಕೊಟ್ಟುಬಿಡುತ್ತಿತ್ತು. ಲಿಂಕಿನಲ್ಲಿ ಏನು ಬರೆದಿದೆಯೋ ಅದನ್ನೇ ಕಮಾಂಡ್ ಅಂತ ತಿಳಿದು ಓಡಿಸುವ ಅಪಾಯ. ಭದ್ರತಾ ದೋಷಗಳ ಸಿವಿಇ ಪಟ್ಟಿಯಲ್ಲಿ ಸಿವಿಇ-2014-9622 ಅಂತ ದಾಖಲಾಗಿದೆ. ಆಮೇಲೆ 1.1.3ಕ್ಕಿಂತ ಹಿಂದಿನವುಗಳಲ್ಲಿ ಬ್ರೌಸರ್ ವೇರಿಯಬಲ್‌ಗೆ ಸಂಬಂಧಿಸಿದ ಇನ್ನೊಂದು, ಸಿವಿಇ-2017-18266. ಎರಡನ್ನೂ ಸರಿಪಡಿಸಿ ವರ್ಷಗಳಾದವು. ಆದರೆ ಒಂದು ಸಲ ಕೆಟ್ಟ ಹೆಸರು ಬಂದರೆ ಹೋಗುವುದು ಕಷ್ಟ. & ಹತ್ತಿರ ಲಿಂಕ್ ತುಂಡಾಗಿದೆ ಅಂದ ಕೂಡಲೇ "ಇದು ಅದರದೇ ಕೆಲಸ" ಅಂತ ನಾನೂ ತೀರ್ಪು ಕೊಟ್ಟುಬಿಟ್ಟೆ.

ಟರ್ಮಿನಲ್ ತೆರೆದೆ. ಎಕ್ಸ್‌ಡಿಜಿ-ಓಪನ್ ಅಂತ ಟೈಪ್ ಮಾಡಿ ಪಕ್ಕದಲ್ಲಿ ಲಿಂಕ್ ಅಂಟಿಸಿ ಎಂಟರ್ ಒತ್ತಿದೆ. ಲಿಂಕ್ ತುಂಡಾಗಿಯೇ ತೆರೆಯಿತು. ಸಿಕ್ಕಿಬಿದ್ದ ಅಂದುಕೊಂಡೆ. ಆದರೆ ಟರ್ಮಿನಲ್‌ನಲ್ಲಿ ಇನ್ನೊಂದು ಸಾಲು ಬಂದಿತ್ತು, ಚೌಕ ಆವರಣದಲ್ಲಿ 1, ಪಕ್ಕದಲ್ಲಿ ಐದಂಕಿಯ ಒಂದು ಸಂಖ್ಯೆ. ಹಿನ್ನೆಲೆಗೆ ಹೋದ ಕೆಲಸಕ್ಕೆ ಶೆಲ್ ಕೊಡುವ ಗುರುತು ಅದು. ಅಂದರೆ ಲಿಂಕನ್ನು ತುಂಡು ಮಾಡಿದ್ದು ಎಕ್ಸ್‌ಡಿಜಿ-ಓಪನ್ ಅಲ್ಲ, ಅದಕ್ಕೆ ಕೊಡುವ ಮೊದಲೇ ನನ್ನ ಟರ್ಮಿನಲ್‌ನ ಶೆಲ್ಲೇ ಕತ್ತರಿಸಿತ್ತು. ಶೆಲ್‌ಗೆ & ಅಂದರೆ "ಇಲ್ಲಿಯವರೆಗಿನದನ್ನು ಹಿನ್ನೆಲೆಯಲ್ಲಿ ಓಡಿಸು, ಮುಂದಿನದು ಬೇರೆ ಕಮಾಂಡ್" ಅಂತ ಅರ್ಥ. ಕೋಟ್ಸ್ ಹಾಕದೆ ಲಿಂಕ್ ಅಂಟಿಸಿದರೆ ಇದೇ ಗತಿ. ಝೆಡ್‌ಶೆಲ್ ಅನ್ನುವ ಇನ್ನೊಂದು ಶೆಲ್ ಬಳಸುವವರಿಗೆ ? ಗುರುತಿನ ಹತ್ತಿರವೇ ಬೇರೆ ಎರರ್ ಬಂದು ನಿಲ್ಲುತ್ತದೆ, ಅದು ಫೈಲಿನ ಹೆಸರು ಹುಡುಕಲು ಹೊರಡುತ್ತದೆ.

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ. ಹುಡುಕುತ್ತಿರುವ ಬಗ್ ಮತ್ತು ಪರೀಕ್ಷೆಯಲ್ಲಿನ ತಪ್ಪು ಎರಡೂ ಒಂದೇ ಥರ ಕಾಣುತ್ತವೆ! ಲಿಂಕ್ ಪರೀಕ್ಷಿಸುವಾಗ ಯಾವಾಗಲೂ ಸಿಂಗಲ್ ಕೋಟ್ಸ್ ಒಳಗೆ ಇಡಿ. ಡಬಲ್ ಕೋಟ್ಸ್ ಕೂಡ & ಗುರುತನ್ನು ಕಾಪಾಡುತ್ತದೆ, ಆದರೆ ಲಿಂಕಿನಲ್ಲಿ $ ಇದ್ದರೆ ಅದನ್ನು ಬಿಡಿಸಲು ಹೋಗುತ್ತದೆ.

ಕೋಟ್ಸ್ ಹಾಕಿ ಮತ್ತೆ ಓಡಿಸಿದೆ. ಲಿಂಕ್ ಆಗಲೂ ತುಂಡಾಗಿಯೇ ತೆರೆಯಿತು. ಈಗ ನಿಜವಾದ ಬಗ್ ಕೈಗೆ ಸಿಕ್ಕಿತು.

ಎಕ್ಸ್‌ಡಿಜಿ-ಓಪನ್‌ಗೆ ಮಾತು ಕಡಿಮೆ. ತಾನಾಗಿ ಏನೂ ಹೇಳುವುದಿಲ್ಲ. ಆದರೆ ಎಕ್ಸ್‌ಡಿಜಿ ಯುಟಿಲ್ಸ್ ಡಿಬಗ್ ಲೆವೆಲ್ ಅನ್ನುವ ವೇರಿಯಬಲ್‌ಗೆ 2 ಅಂತ ಕೊಟ್ಟು ಓಡಿಸಿದರೆ ಯಾವ ಡೆಸ್ಕ್‌ಟಾಪ್ ಅಂತ ಊಹಿಸಿದೆ ಅನ್ನುವುದನ್ನು ಬಾಯಿ ಬಿಡುತ್ತದೆ. ನನ್ನಲ್ಲಿ ಜೆನೆರಿಕ್ ಅಂತ ಬಂತು, ನಿರೀಕ್ಷೆಯಂತೆ. ಅಲ್ಲಿಂದ ಮುಂದಕ್ಕೆ ಅಷ್ಟು ಸಾಲದು. ಸ್ಕ್ರಿಪ್ಟ್ ಆಗಿರುವುದರ ಲಾಭ ಇಲ್ಲಿದೆ ನೋಡಿ. ಅದನ್ನು ಶೆಲ್‌ನ ಎಕ್ಸ್ ಆಯ್ಕೆಯೊಂದಿಗೆ ಓಡಿಸಿದರೆ, ಒಳಗೆ ನಡೆಯುವ ಒಂದೊಂದು ಹೆಜ್ಜೆಯೂ + ಗುರುತಿನೊಂದಿಗೆ ಪರದೆಯ ಮೇಲೆ ಬೀಳುತ್ತದೆ. ಪುಟಗಟ್ಟಲೆ ಬಂತು. ವೇರಿಯಬಲ್ ನೋಡಿದ್ದು, ಫೋಲ್ಡರ್ ಹುಡುಕಿದ್ದು, ಡೆಸ್ಕ್‌ಟಾಪ್ ಫೈಲ್ ಸಿಕ್ಕಿದ್ದು. ನನಗೆ ಬೇಕಿದ್ದದ್ದು ಕೊನೆಯ ಸಾಲು. ಅಲ್ಲಿ ಬ್ರೌಸರ್ ಲಾಂಚರ್‌ನ ದಾರಿ, ಅದರ ಪಕ್ಕದಲ್ಲಿ ಸಿಂಗಲ್ ಕೋಟ್ಸ್ ಒಳಗೆ ಪೂರ್ತಿ ಲಿಂಕ್. ಐಡಿ, ಹಂತ, ಭಾಷೆ, ಮೂರೂ ಇದ್ದವು. ಒಂದಕ್ಷರವೂ ಉದುರಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಒಂದು ಸಂಜೆ ಪೂರ್ತಿ ನಾನು ಬರೆ ಹಾಕುತ್ತಿದ್ದದ್ದು ಎಮ್ಮೆಗೆ. ಎಕ್ಸ್‌ಡಿಜಿ-ಓಪನ್ ತನ್ನ ಕೆಲಸ ಚೊಕ್ಕವಾಗಿ ಮಾಡಿ ಲಿಂಕನ್ನು ಇಡಿಯಾಗಿಯೇ ದಾಟಿಸಿತ್ತು.

ಎರಡನೇ ಸಂಜೆ ಜ್ವರ ಬಂದ ಎತ್ತನ್ನು ಹುಡುಕಿದೆ. ಮೇಲ್ ಪ್ರೋಗ್ರಾಂ, ಚಾಟ್ ಪ್ರೋಗ್ರಾಂ, ಪಿಡಿಎಫ್ ಓದುವ ಪ್ರೋಗ್ರಾಂ, ಮೂರರಿಂದಲೂ ಅದೇ ಲಿಂಕ್ ಒತ್ತಿದೆ. ಮೂರರಲ್ಲೂ ಒಂದೇ ಕಡೆ ತುಂಡು. ಇದು ಒಳ್ಳೆಯ ಸುಳಿವು. ಒಂದೇ ಪ್ರೋಗ್ರಾಂನಲ್ಲಿ ಮಾತ್ರ ಕೆಡುತ್ತಿದ್ದರೆ ತಪ್ಪು ಆ ಪ್ರೋಗ್ರಾಂ ಇರುವ ತುದಿಯಲ್ಲಿ. ಎಲ್ಲದರಲ್ಲೂ ಒಂದೇ ಥರ ಕೆಟ್ಟರೆ ತಪ್ಪು ಎಲ್ಲರೂ ಬಂದು ಸೇರುವ ಕೊನೆಯ ತುದಿಯಲ್ಲಿ. ಇನ್ನೂ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಬ್ರೌಸರ್ ಪೂರ್ತಿ ಮುಚ್ಚಿ ಟರ್ಮಿನಲ್‌ನಿಂದ ಸಾದಾ ಲಿಂಕ್ ತೆರೆದರೆ, ಬ್ರೌಸರ್ ಮುಚ್ಚುವ ತನಕ ಟರ್ಮಿನಲ್ ಕಾಯುತ್ತಾ ಕೂರುತ್ತಿತ್ತು. & ಇರುವ ಲಿಂಕ್ ತೆರೆದರೆ ಟರ್ಮಿನಲ್ ತಕ್ಷಣ ಬಿಡುಗಡೆ! ಯಾರೋ ಎಲ್ಲೋ ಬ್ರೌಸರನ್ನು ಹಿನ್ನೆಲೆಗೆ ತಳ್ಳುತ್ತಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎಕ್ಸ್‌ಡಿಜಿ-ಮೈಮ್‌ಗೆ ಎಚ್‌ಟಿಟಿಪಿಎಸ್ ಯಾರ ಪಾಲು ಅಂತ ಕೇಳಿದೆ, ಡೆಸ್ಕ್‌ಟಾಪ್ ಫೈಲಿನ ಹೆಸರು ಹೇಳಿತು. ಆ ಫೈಲ್ ತೆರೆದು ಎಕ್ಸೆಕ್ ಸಾಲು ನೋಡಿದೆ. ಅದು ತೋರಿಸಿದ ಬ್ರೌಸರ್ ಪ್ರೋಗ್ರಾಂ ನಿಜಕ್ಕೂ ಬ್ರೌಸರ್ ಆಗಿರಲಿಲ್ಲ, ಮೂವತ್ತು ಚಿಲ್ಲರೆ ಸಾಲಿನ ಶೆಲ್ ಸ್ಕ್ರಿಪ್ಟ್ ಆಗಿತ್ತು. ಫೈಲ್ ಕಮಾಂಡ್ ಕೊಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಬಹಳಷ್ಟು ದೊಡ್ಡ ಪ್ರೋಗ್ರಾಂಗಳು ಹೀಗೇ ಬರುತ್ತವೆ. ಮುಂದೆ ಒಂದು ಸಣ್ಣ ಲಾಂಚರ್, ಅದರ ಹಿಂದೆ ನಿಜವಾದ ಪ್ರೋಗ್ರಾಂ. ಬ್ರೌಸರ್ ಹೆಸರು ಇಲ್ಲಿ ಬೇಡ. ಲಾಂಚರ್ ಏನು ಮಾಡುತ್ತಿತ್ತು ಅನ್ನುವುದಷ್ಟೇ ಮುಖ್ಯ.

ಮಾಡುತ್ತಿದ್ದದ್ದು ಇಷ್ಟು. ಪರದೆಯ ಮೇಲೆ ಚಿತ್ರ ಮೂಡಿಸುವ ವೇಲ್ಯಾಂಡ್ ವ್ಯವಸ್ಥೆ ಇದೆಯಾ ಅಂತ ನೋಡುವುದು. ನಿಮ್ಮ ಕಾನ್ಫಿಗ್ ಫೋಲ್ಡರ್‌ನಲ್ಲಿ ಫ್ಲ್ಯಾಗ್‌ಗಳ (ಬ್ರೌಸರ್‌ಗೆ ಕೊಡುವ ಹೆಚ್ಚುವರಿ ಆಯ್ಕೆಗಳ) ಫೈಲ್ ಇದ್ದರೆ ಅದನ್ನು ಓದುವುದು. ಕೊನೆಗೆ ಬ್ರೌಸರ್ ದಾರಿ, ಫ್ಲ್ಯಾಗ್‌ಗಳು, ಮತ್ತು $* (ಅಂದರೆ ಲಾಂಚರ್‌ಗೆ ಬಂದದ್ದೆಲ್ಲಾ, ನಮ್ಮ ಲಿಂಕ್ ಸಮೇತ) ಇವನ್ನೆಲ್ಲಾ ಒಂದೇ ಉದ್ದ ಸಾಲಾಗಿ ಹೊಲಿದು ಇವ್ಯಾಲ್‌ಗೆ ಕೊಡುವುದು. ಅಲ್ಲೇ ಇತ್ತು ಎಲ್ಲಾ. ಎಕ್ಸ್‌ಡಿಜಿ-ಓಪನ್ ತನ್ನ ಮನೆಯಿಂದ ಹೊರಗೆ ಹಾಕಿದ ಅದೇ ಇವ್ಯಾಲ್, ಪಕ್ಕದ ಮನೆಯಲ್ಲಿ ಹಾಯಾಗಿ ಕೂತಿತ್ತು.

ಇವ್ಯಾಲ್ ಅಂದರೆ ಶೆಲ್‌ಗೆ "ಈ ಸಾಲನ್ನು ಮತ್ತೊಂದು ಸಲ ಮೊದಲಿಂದ ಓದು" ಅಂತ ಹೇಳುವುದು. ಕೋಟ್ಸ್ ಒಳಗೆ ಕ್ಷೇಮವಾಗಿ ಬಂದಿದ್ದ ಲಿಂಕ್, ಕೋಟ್ಸ್ ಕಳಚಿಕೊಂಡು ಬರಿಮೈಯಲ್ಲಿ ಎರಡನೇ ಸಲ ಶೆಲ್ ಮುಂದೆ ನಿಲ್ಲುತ್ತದೆ. ಆಗ ಶೆಲ್ ಮೂರು ಕಮಾಂಡ್ ಕಾಣುತ್ತದೆ. ಮೊದಲನೆಯದು ಬ್ರೌಸರ್ ಮತ್ತು ಐಡಿ ತನಕದ ಲಿಂಕ್, ಹಿನ್ನೆಲೆಯಲ್ಲಿ ಓಡಿತು. ಎರಡನೆಯದು ಹಂತ=2. ಮೂರನೆಯದು ಭಾಷೆ=ಕನ್ನಡ. ನನ್ನ ನಿಜವಾದ ಲಿಂಕಿನಲ್ಲಿ ಈ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿದ್ದವು, ಹಾಗಾಗಿ ಶೆಲ್‌ನ ಕಣ್ಣಿಗೆ ಇವೆರಡೂ ಸರಿಯಾದ ವ್ಯಾಕರಣದ ಸಾಲುಗಳೇ! ಹೆಸರು, ಸಮ ಚಿಹ್ನೆ, ಬೆಲೆ. ಅಂದರೆ ಒಂದು ವೇರಿಯಬಲ್‌ಗೆ ಬೆಲೆ ಕೊಡುವುದು. ಶೆಲ್ ವಿಧೇಯವಾಗಿ ಕೊಟ್ಟಿತು, ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಎಲ್ಲಾ ಸರಿಯಾಯಿತು ಅಂತ ಸೊನ್ನೆ ಹಿಂದಿರುಗಿಸಿ ಮನೆಗೆ ಹೋಯಿತು. ಇಷ್ಟು ದಿನ ಯಾರಿಗೂ ಒಂದು ಸದ್ದೂ ಕೇಳದೆ ಇದ್ದದ್ದು ಯಾಕೆ ಅಂತ ಅರ್ಥವಾದ ಆ ಕ್ಷಣ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ.

ಆಮೇಲೆ ಸಿಸ್ಟಂ ದಿನವೂ ಬರೆದಿಡುವ ದಾಖಲೆ, ಅಂದರೆ ಹಳೆಯ ಜರ್ನಲ್ ಲಾಗ್ ತೆಗೆದು ನೋಡಿದೆ. ಯಾವತ್ತೋ ಒತ್ತಿದ ಇನ್ನೊಂದು ಲಿಂಕಿನ ಗುರುತು ಅಲ್ಲಿತ್ತು. ಅದರಲ್ಲಿ ಯೂಸರ್-ಐಡಿ=7 ಅಂತ ಅಡ್ಡಗೆರೆ ಇರುವ ಹೆಸರಿತ್ತು. ಅಡ್ಡಗೆರೆ ಇರುವ ಹೆಸರು ವೇರಿಯಬಲ್ ಆಗಲಾರದು. ಹಾಗಾಗಿ ಶೆಲ್ ಅದನ್ನು ಕಮಾಂಡ್ ಅಂತ ತಿಳಿದು, ಇಂಥದ್ದು ಸಿಗಲಿಲ್ಲ ಅಂತ ದೂರು ಬರೆದಿತ್ತು. ಲಾಂಚರ್ ತಪ್ಪೊಪ್ಪಿಕೊಂಡ ಸಾಲು ಎಷ್ಟೋ ದಿನದಿಂದ ಅಲ್ಲೇ ಬಿದ್ದಿತ್ತು. ಲಿಂಕ್ ಒತ್ತಿ ಏನಾದರೂ ಕೆಟ್ಟರೆ ಮೊದಲು ಜರ್ನಲ್ ನೋಡಿ. ಮೌಸ್‌ನಿಂದ ಶುರುವಾದ ಪ್ರೋಗ್ರಾಂ ಏನು ಕೂಗಿದರೂ ಪರದೆಯ ಮೇಲೆ ಬರುವುದಿಲ್ಲ, ಬಹಳಷ್ಟು ಸಲ ಅದು ಹೋಗಿ ಬೀಳುವುದು ಅಲ್ಲಿ.

ಗುಮಾನಿ ಬೇರೆ, ಸಾಕ್ಷಿ ಬೇರೆ. ಅದಕ್ಕೆ ಸಣ್ಣ ಸ್ಕ್ರಿಪ್ಟ್ ಒಂದನ್ನು ಬರೆದೆ. ಕಮಾಂಡ್ ಜೊತೆ ತನಗೆ ಬಂದ ಪ್ರತಿಯೊಂದು ತುಣುಕನ್ನೂ, ಅಂದರೆ ಆರ್ಗ್ಯುಮೆಂಟನ್ನೂ, ಒಂದೊಂದು ಸಾಲಿನಲ್ಲಿ, ಎರಡೂ ಕಡೆ < > ಹಾಕಿ ತೋರಿಸುವುದಷ್ಟೇ ಅದರ ಕೆಲಸ. ಲಾಂಚರ್‌ನ ಒಂದು ನಕಲು ಮಾಡಿ, ಅದರಲ್ಲಿ ನಿಜವಾದ ಬ್ರೌಸರ್ ಇದ್ದ ಜಾಗಕ್ಕೆ ಈ ಸ್ಕ್ರಿಪ್ಟ್ ಕೂರಿಸಿದೆ. ಲಿಂಕ್ ಕೊಟ್ಟೆ. ಆವರಣದೊಳಗೆ ಐಡಿ=8812ಕ್ಕೆ ನಿಂತ ಲಿಂಕ್ ಬಂತು. ನಕಲಿನ ಕೊನೆಯ ಸಾಲಿನಲ್ಲಿ ಇವ್ಯಾಲ್ ತೆಗೆದು, $* ಬದಲು "$@" ಬರೆದೆ. ಈ ಸಲ ಪೂರ್ತಿ ಲಿಂಕ್, ಮೂರು ಭಾಗವೂ ಒಂದೇ ಆವರಣದೊಳಗೆ. ಬ್ರೌಸರ್ ತೆರೆಯದೆಯೇ, ಯಾವ ಅನುಮಾನಕ್ಕೂ ಎಡೆ ಇಲ್ಲದ ಹಾಗೆ, ರೋಗ ಮತ್ತು ಮದ್ದು ಎರಡೂ ಗೊತ್ತಾದವು.

$* ಮತ್ತು "$@" ನಡುವಿನ ವ್ಯತ್ಯಾಸ ಬಹಳ ಜನಕ್ಕೆ ಗೊಂದಲ. ಮೊದಲನೆಯದು ಬಂದ ಸಾಮಾನನ್ನೆಲ್ಲಾ ಒಂದೇ ಚೀಲಕ್ಕೆ ಸುರಿದ ಹಾಗೆ. ಎರಡನೆಯದು ಪ್ರತಿ ಡಬ್ಬಿಯನ್ನೂ ಮುಚ್ಚಳ ತೆರೆಯದೆ ಹಾಗೇ ಮುಂದಕ್ಕೆ ಕೊಟ್ಟ ಹಾಗೆ. ಲಾಂಚರ್ ಸ್ಕ್ರಿಪ್ಟ್‌ಗೆ ಬೇಕಾದದ್ದು ಯಾವಾಗಲೂ ಎರಡನೆಯದೇ, ಕೋಟ್ಸ್ ಸಮೇತ. ಕೋಟ್ಸ್ ಬಿಟ್ಟರೆ ಅದೂ ಮೊದಲನೆಯದರ ಹಾಗೇ ಆಗುತ್ತದೆ.

ಆ ಲಾಂಚರ್ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಇವ್ಯಾಲ್ ಯಾಕೆ ಹಾಕಿದರು ಅಂತಲೂ ಗೊತ್ತಾಗುತ್ತದೆ. ಫ್ಲ್ಯಾಗ್ ಫೈಲಿನಲ್ಲಿ ಯಾರಾದರೂ ಸ್ಪೇಸ್ ಇರುವ ಬೆಲೆಯನ್ನು ಕೋಟ್ಸ್ ಒಳಗೆ ಬರೆದರೆ ಅದು ಕೆಲಸ ಮಾಡಲಿ ಅಂತ. ಉದ್ದೇಶ ಒಳ್ಳೆಯದು. ಅದಕ್ಕೂ ಕ್ಷೇಮವಾದ ದಾರಿ ಇದೆ: ಫೈಲಿನಲ್ಲಿ ಸಾಲಿಗೊಂದು ಫ್ಲ್ಯಾಗ್ ಬರೆಯಿಸಿ, ಒಂದೊಂದೇ ಸಾಲು ಓದಿ, ಸೆಟ್ ಕಮಾಂಡ್ ಮೂಲಕ ಆರ್ಗ್ಯುಮೆಂಟ್‌ಗಳ ಪಟ್ಟಿಗೇ ಸೇರಿಸುವುದು. ಆಗ ಲಿಂಕನ್ನು ಯಾರೂ ಮುಟ್ಟುವುದಿಲ್ಲ. ನಾನು ಕಳಿಸಿದ ಬಗ್ ವರದಿಯಲ್ಲಿ ಇದನ್ನೇ ಬರೆದೆ.

ವರದಿ ಕಳಿಸಲೇಬೇಕು ಅಂತ ಹಟ ಹಿಡಿದದ್ದಕ್ಕೆ ಕಾರಣ ಅರ್ಧಕ್ಕೆ ನಿಂತ ಲಿಂಕ್ ಮಾತ್ರ ಅಲ್ಲ. & ಗುರುತು ಲಿಂಕನ್ನು ತುಂಡು ಮಾಡುತ್ತದೆ, ಸರಿ. ಆದರೆ & ನಂತರ ಬರುವುದು ಕಮಾಂಡ್ ಆಗಿ ಓಡುತ್ತದೆ ಅಂದರೆ ಏನರ್ಥ? ಸೆಮಿಕೋಲನ್ ಇದ್ದರೂ ಅದೇ ಕಥೆ. ಯಾರೋ ಗೊತ್ತಿಲ್ಲದವರು ಚಾಟ್‌ನಲ್ಲಿ ಕಳಿಸಿದ ಲಿಂಕನ್ನು ನೀವು ಒತ್ತಿದರೆ, ಅದರ ಬಾಲದಲ್ಲಿರುವುದು ನಿಮ್ಮ ಹೆಸರಿನಲ್ಲಿ, ನಿಮ್ಮ ಫೈಲುಗಳ ಮೇಲೆ ಓಡಬಹುದು. ಇಂಥ ಸ್ಕ್ರಿಪ್ಟ್ ನಿಮ್ಮ ಕೈಗೆ ಸಿಕ್ಕಿದರೆ ದಯವಿಟ್ಟು ಸುಮ್ನೆ ಬಿಡಬೇಡಿ. ಶೆಲ್‌ಚೆಕ್ ಅನ್ನುವ ಉಚಿತ ಪ್ರೋಗ್ರಾಂ ಇದೆ, ಸ್ಕ್ರಿಪ್ಟನ್ನು ಅದಕ್ಕೆ ತೋರಿಸಿ. ಎಸ್‌ಸಿ2086, ಎಸ್‌ಸಿ2048 ಅಂತ ನಂಬರ್ ಹಾಕಿ, ಎಲ್ಲಿ ಕೋಟ್ಸ್ ಬಿಟ್ಟಿದ್ದೀರಿ, ಎಲ್ಲಿ "$@" ಬೇಕಿತ್ತು ಅಂತ ಸಾಲು ಸಮೇತ ತೋರಿಸುತ್ತದೆ. ಶೆಲ್ ಸ್ಕ್ರಿಪ್ಟ್ ಬರೆಯುವ ಪ್ರತಿಯೊಬ್ಬರ ಹತ್ತಿರವೂ ಇರಬೇಕಾದ ಸಾಧನ ಅದು.

ಸರಿ, ಎಕ್ಸ್‌ಡಿಜಿ-ಓಪನ್‌ಗೆ ವಾಪಸ್ ಬರುತ್ತೇನೆ. ತಪ್ಪು ಅದರದ್ದಲ್ಲ ಅಂದ ಮಾತ್ರಕ್ಕೆ ಅದರಲ್ಲಿ ಕೊರತೆ ಇಲ್ಲ ಅಂತಲ್ಲ. ನನ್ನ ದೊಡ್ಡ ದೂರು ಒಂದೇ. "ಈ ಲಿಂಕ್ ಕೊಟ್ಟರೆ ನೀನು ಯಾರನ್ನು ಕರೆಯುತ್ತೀಯಾ, ತೆರೆಯಬೇಡ, ಹೇಳು ಸಾಕು" ಅಂತ ಕೇಳುವುದಕ್ಕೆ ಒಂದು ಆಯ್ಕೆಯೇ ಇಲ್ಲ. ಅದೊಂದು ಇದ್ದಿದ್ದರೆ ನನ್ನ ಮೊದಲ ಸಂಜೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಮಧ್ಯವರ್ತಿ ಆದವನು ಯಾರಿಂದ ಪಡೆದೆ, ಯಾರಿಗೆ ಕೊಟ್ಟೆ ಅಂತ ಕೇಳಿದಾಗ ಹೇಳಲೇಬೇಕು. ಇದು ಹೇಳದೆ ಇರುವುದರಿಂದಲೇ ಎಲ್ಲರ ತಪ್ಪೂ ಇದರ ತಲೆಗೆ ಬರುವುದು.

ಇನ್ನೊಂದು, ಇದು ಒಂದೊಂದು ಡೆಸ್ಕ್‌ಟಾಪ್‌ನಲ್ಲಿ ಒಂದೊಂದು ಥರ ನಡೆದುಕೊಳ್ಳುತ್ತದೆ. ಕೆಲವು ಕಡೆ ತಕ್ಷಣ ಮರಳುತ್ತದೆ, ಜೆನೆರಿಕ್ ದಾರಿಯಲ್ಲಿ ತೆರೆದ ಪ್ರೋಗ್ರಾಂ ಮುಚ್ಚುವ ತನಕ ಕಾಯುತ್ತದೆ. ಸ್ಕ್ರಿಪ್ಟ್ ಒಳಗೆ ಇದನ್ನು ಬಳಸುವವರಿಗೆ ಇದು ನಿಜವಾಗಿ ತಲೆನೋವು. ಒಂದು ಸಲಕ್ಕೆ ಒಂದೇ ಲಿಂಕ್ ಅನ್ನುವುದು ಮಾತ್ರ ನನಗೆ ಒಪ್ಪಿಗೆ. ಎರಡು ಕೊಟ್ಟರೆ ನಿರೀಕ್ಷಿಸದ ಆರ್ಗ್ಯುಮೆಂಟ್ ಅಂತ ನೇರವಾಗಿ ನಿರಾಕರಿಸುತ್ತದೆ, ಹಾಗಾಗಿ ಸ್ಪೇಸ್ ಇರುವ ಲಿಂಕನ್ನು ಕೋಟ್ಸ್ ಇಲ್ಲದೆ ಕೊಟ್ಟಾಗ ತಪ್ಪು ಅಲ್ಲೇ ಸಿಗುತ್ತದೆ. ಎರರ್ ನಂಬರ್‌ಗಳೂ ಸ್ಪಷ್ಟ: ಫೈಲ್ ಇಲ್ಲದಿದ್ದರೆ 2, ಬೇಕಾದ ಪ್ರೋಗ್ರಾಂ ಸಿಗದಿದ್ದರೆ 3, ಕೆಲಸ ಕೆಟ್ಟರೆ 4. ಮ್ಯಾನ್ ಪುಟದಲ್ಲಿ ಎಲ್ಲಾ ಇದೆ.

ಹೊಸ ಆವೃತ್ತಿಗಳು ಬರುವುದು ಅಪರೂಪ. 2018ರ 1.1.3 ಆದ ಮೇಲೆ 1.2.0 ಬರುವಷ್ಟರಲ್ಲಿ 2024 ಆಗಿತ್ತು. ಕೆಲವರಿಗೆ ಇದು ಚಿಂತೆ. ನನಗೆ ಅಷ್ಟಿಲ್ಲ. ಈ ಜಾಗದಲ್ಲಿ ಕೂರುವ ಪ್ರೋಗ್ರಾಂ ದಿನಕ್ಕೊಂದು ವೇಷ ಹಾಕಬಾರದು.

ಬದಲಿಗೆ ಬೇರೆ ಏನಾದರೂ ಬಳಸಬಹುದಾ ಅಂತ ಕೇಳಿದರೆ, ಬಳಸಬಹುದು. ಜಿಐಓ ಬಹಳ ಜನರ ಯಂತ್ರದಲ್ಲಿ ಆಗಲೇ ಇದೆ. ಅದರ ಮೈಮ್ ಕಮಾಂಡ್ ಕೊಟ್ಟರೆ ಯಾವ ಬಗೆಯ ಲಿಂಕ್ ಯಾರ ಪಾಲು, ಬೇರೆ ಯಾರೆಲ್ಲಾ ಸಾಲಿನಲ್ಲಿ ನಿಂತಿದ್ದಾರೆ ಅಂತ ಚೆನ್ನಾಗಿ ತೋರಿಸುತ್ತದೆ. ರಸ್ಟ್‌ನಲ್ಲಿ ಬರೆದ ಹ್ಯಾಂಡ್ಲರ್ ಅನ್ನುವುದು ಅದೇ ಮೈಮ್‌ಆ್ಯಪ್ಸ್ ಪಟ್ಟಿಯನ್ನೇ ಓದುತ್ತದೆ, ಯಾರನ್ನು ಕರೆಯುತ್ತೇನೆ ಅಂತ ಕೇಳಿದರೆ ಹೇಳುತ್ತದೆ ಕೂಡ. ಲಿಂಕಿನ ರೂಪ ನೋಡಿ ಬೇರೆ ಬೇರೆ ಪ್ರೋಗ್ರಾಂಗೆ ಕಳಿಸಬೇಕು ಅನ್ನುವವರಿಗೆ ಮಿಮಿಯೋ ಇದೆ. ಆದರೆ ಒಂದು ಮಾತು ನೆನಪಿಡಿ. ಇವುಗಳಲ್ಲಿ ಯಾವುದನ್ನು ಹಾಕಿಕೊಂಡಿದ್ದರೂ ನನ್ನ ಲಿಂಕ್ ತುಂಡಾಗುತ್ತಲೇ ಇತ್ತು, ಯಾಕೆಂದರೆ ಕೊನೆಗೆ ಎಲ್ಲರೂ ತಟ್ಟುವುದು ಅದೇ ಲಾಂಚರ್ ಬಾಗಿಲು.

ಇನ್ನೊಂದು ಬಗೆಯ ಕಾಯಿಲೆಯೂ ಇದೆ, ಅದರ ಲಕ್ಷಣ ಬೇರೆ. ಲಿಂಕ್ ಒತ್ತಿದರೆ ಏನೂ ಆಗುವುದಿಲ್ಲ, ತುಂಡಾಗಿಯೂ ತೆರೆಯುವುದಿಲ್ಲ. ಅದೇ ಲಿಂಕ್ ಟರ್ಮಿನಲ್‌ನಿಂದ ಸರಿಯಾಗಿ ತೆರೆಯುತ್ತದೆ. ತನ್ನ ಲೈಬ್ರರಿಗಳನ್ನೆಲ್ಲಾ ತಾನೇ ಹೊತ್ತು ತರುವ ಪ್ರೋಗ್ರಾಂಗಳಲ್ಲಿ ಇದು ಜಾಸ್ತಿ. ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಎಲ್‌ಡಿ ಲೈಬ್ರರಿ ಪಾತ್ ಅನ್ನುವ ವೇರಿಯಬಲನ್ನು ಅವು ಬದಲಿಸಿರುತ್ತವೆ, ಅದು ಎಕ್ಸ್‌ಡಿಜಿ-ಓಪನ್‌ಗೂ, ಅಲ್ಲಿಂದ ಬ್ರೌಸರ್‌ಗೂ ಅಂಟಿಕೊಂಡು ಹೋಗುತ್ತದೆ. ಬ್ರೌಸರ್ ಹೊಂದದ ಲೈಬ್ರರಿ ಹಿಡಿದು ಅಲ್ಲೇ ಬೀಳುತ್ತದೆ. ಆ ವೇರಿಯಬಲ್ ತೆಗೆದು ಓಡಿಸಿದರೆ ಸರಿ. ಇಲ್ಲಿಯೂ ಬೈಗುಳ ಮಾತ್ರ ಎಕ್ಸ್‌ಡಿಜಿ-ಓಪನ್‌ಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ, ಯಾರಿಗೆ ಕೊಟ್ಟೆ ಅಂತ ಬಾಯಿ ಬಿಡದೆ ಇದ್ದದ್ದಕ್ಕೆ. ಕೊಟ್ಟ ನಾಲ್ಕು, ಸ್ಕ್ರಿಪ್ಟ್ ಆಗಿಯೇ ಉಳಿದು ಯಾರು ಬೇಕಾದರೂ ಒಳಗೆ ಬಂದು ನೋಡಲು ಬಿಟ್ಟದ್ದಕ್ಕೆ, ಮತ್ತು ತನ್ನ ಹಳೆಯ ತೂತನ್ನು ಸರಿಯಾಗಿ ಮುಚ್ಚಿಕೊಂಡದ್ದಕ್ಕೆ.

ನಿಮಗೂ ಇಂಥ ಲಾಂಚರ್ ಸಿಕ್ಕಿ, ಸರಿಯಾದ ಆವೃತ್ತಿ ಬರುವ ತನಕ ಕಾಯಲಾಗದಿದ್ದರೆ, ಸಿಸ್ಟಂ ಫೋಲ್ಡರ್‌ನಲ್ಲಿರುವ ಸ್ಕ್ರಿಪ್ಟ್ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಅಳಿಸಿ ಹಾಕುತ್ತದೆ. ತಿದ್ದಿದ ನಕಲನ್ನು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಇಡಿ. ಬ್ರೌಸರ್‌ನ ಡೆಸ್ಕ್‌ಟಾಪ್ ಫೈಲನ್ನೂ ಅದೇ ಹೆಸರಿನಲ್ಲಿ ಹೋಮ್ ಒಳಗಿನ ಲೋಕಲ್, ಶೇರ್, ಅಪ್ಲಿಕೇಶನ್ಸ್ ಫೋಲ್ಡರ್‌ಗೆ ಕಾಪಿ ಮಾಡಿ, ಎಕ್ಸೆಕ್ ಸಾಲು ನಿಮ್ಮ ನಕಲನ್ನು ತೋರಿಸುವ ಹಾಗೆ ಬದಲಿಸಿ. ಪರ್ಸೆಂಟ್ ಯು ಮಾತ್ರ ಅಲ್ಲೇ ಇರಲಿ, ಅದು ಹೋದರೆ ಲಿಂಕೇ ಬರುವುದಿಲ್ಲ. ಸಿಸ್ಟಂನದ್ದಕ್ಕಿಂತ ನಿಮ್ಮ ಫೋಲ್ಡರ್‌ನ ಫೈಲಿಗೇ ಮೊದಲ ಮಣೆ. ಬ್ರೌಸರ್‌ನವರು ಸರಿಪಡಿಸಿದ ದಿನ ಈ ಎರಡೂ ನಕಲುಗಳನ್ನು ಅಳಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಸ ಲಾಂಚರ್ ಬಂದು ಬಾಗಿಲಲ್ಲೇ ನಿಂತಿರುತ್ತದೆ, ಲಿಂಕುಗಳು ಮಾತ್ರ ನಿಮ್ಮ ಹಳೆಯ ನಕಲಿಗೇ ಹೋಗುತ್ತಿರುತ್ತವೆ.